ಸಗಾಯಂನ ನೀಲಿ ದೀಪ

ಕೊಳತ್ತೂರಿನ ಬಣ್ಣದ ಮೀನಿನ ವ್ಯಾಪಾರಿ ಸಗಾಯಂ ಸತ್ತ ಮೇಲೆ ಅವನ ಮೀನಿನ ತೊಟ್ಟಿಯ ನೀಲಿ ಎಲ್‌ಇಡಿ ದೀಪವನ್ನು ನಾನು ಕೊಂಡೆ.

“ತೊಟ್ಟಿಯಲ್ಲಿ ಬೆಳೆಯೋ ಜೀವಂತ ಹವಳಕ್ಕೆ ಹೊಸ ಬೆಳಕು ಒಮ್ಮೆಲೇ ಕೊಟ್ರೆ ಸುಟ್ಟು ಬೆಳ್ಳಗಾಗುತ್ತೆ ಅಣ್ಣಾ. ಮೊದಲ್ನೇ ವಾರ ಕಾಲು ಭಾಗ, ಎರಡನೇ ವಾರ ಅರ್ಧ. ಬೇರೆ ಥರ ಉರಿಸೋಕೆ ಅವರು ಯಾರಿಗೂ ಬಿಡ್ತಿರ್ಲಿಲ್ಲ,” ಎಂದಳು ಅವನ ಹೆಂಡತಿ ಜಸಿಂತಾ.

“ಸತ್ತವನ ಪಾಠ ನನಗ್ಯಾಕಮ್ಮಾ?” ಎಂದೆ.

ಮನೆಯ ಉಪ್ಪುನೀರಿನ ತೊಟ್ಟಿಯಿಂದ ಹಳೇ ಟ್ಯೂಬ್‌ಲೈಟ್ ತೆಗೆದು ಸಗಾಯಂನ ದೀಪ ಕಟ್ಟಿ, ಪೂರ್ತಿ ಉರಿಸಿದೆ. ಬೆಳಕು ತಾನಾಗಿಯೇ ಕಾಲು ಭಾಗಕ್ಕೆ ಇಳಿಯಿತು. ಏರಿಸಿದೆ, ಇಳಿಯಿತು. ಮೂರನೇ ಸಲ ಒತ್ತಿದಾಗ ಗುಂಡಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು; ಸಗಾಯಂ ಹಚ್ಚಿಕೊಳ್ಳುತ್ತಿದ್ದ ನೀಲಗಿರಿ ಎಣ್ಣೆ ನನ್ನ ಹೆಗಲ ಹಿಂದೆಯೇ ನಾರಿತು. ರೇಗಿ ಪ್ಲಗ್ಗನ್ನೇ ಕಿತ್ತೆಸೆದೆ. ದೀಪ ಆರಲಿಲ್ಲ.

ಇವತ್ತಿಗೆ ಎಂಟನೆಯ ದಿನ. ಪ್ಲಗ್ಗು ಇನ್ನೂ ನೆಲದ ಮೇಲೇ ಬಿದ್ದಿದೆ. ಬೆಳಿಗ್ಗೆ ದೀಪ ಅರ್ಧಕ್ಕೆ ಏರಿತು.