ಕಾಜದ ನೆಪ

ಆ ಶುಕ್ರವಾರ ಅಂಗಡಿಯ ಮೊಳೆಯಲ್ಲಿ ಚಲುವಮ್ಮನ ಗಂಟು ತೂಗುತ್ತಿರಲಿಲ್ಲ.

ಆರು ವರ್ಷದಲ್ಲಿ ಹಾಗಾದದ್ದೇ ಇಲ್ಲ. ಸೋಮವಾರ, ಶುಕ್ರವಾರ ಕ್ಯಾತನಹಳ್ಳಿಯಿಂದ ಹತ್ತು ಗಂಟೆ ಬಸ್ಸು ಹಿಡಿದು ಅವಳು ಪಾಂಡವಪುರಕ್ಕೆ ಬಂದರೆ, ಚಿಕ್ಕಸ್ವಾಮಿ ಟೈಲರ್ ಹೊಲಿದಿಟ್ಟ ಅಂಗಿಗಳ ಗಂಟು ಅಲ್ಲಿ ಕಾದಿರುತ್ತಿತ್ತು. ಅದನ್ನು ಮನೆಗೆ ಒಯ್ದು, ಗುಂಡಿ ತೂರುವ ಕಾಜಗಳಿಗೆ ಸೂಜಿಯಲ್ಲೇ ದಾರದ ಅಂಚು ಕಟ್ಟಿ, ಗುಂಡಿ ಹಚ್ಚಿ ತಂದುಕೊಡುವುದು ಅವಳ ಕೆಲಸ. ಗಂಡ ತೀರಿಹೋದ ಮೇಲೆ ಹೊಟ್ಟೆಪಾಡಿಗೆ ಹಿಡಿದ ಕೆಲಸ ಅದು.

ಆಮೇಲಾಮೇಲೆ ಹೊಟ್ಟೆಯ ಮಾತು ಹಿಂದೆ ಬಿತ್ತು. ಚಿಕ್ಕಸ್ವಾಮಿಯೂ ಹೆಂಡತಿಯನ್ನು ಕಳೆದುಕೊಂಡವನು. ಕೊರಳಿಗೆ ಟೇಪು, ಬಾಯಿಗೆ ಬೀಗ. ಅವಳ ಕೈಯಿಂದ ಅಂಗಿ ಇಸಿದುಕೊಂಡು ಒಂದೊಂದೇ ಕಾಜವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಎಲ್ಲ ನೋಡಿಯಾದ ಮೇಲೆ, ಅಂಗಿಯ ಅಂಚಿನಾಚೆಯಿಂದ ಒಂದು ಗಳಿಗೆ ಅವಳನ್ನು ನೋಡುತ್ತಿದ್ದ. ಆ ಒಂದು ಗಳಿಗೆಗಾಗಿ ಅವಳು ಹೂವಿಲ್ಲದ ತಲೆಯನ್ನು ಎರಡೆರಡು ಸಲ ಬಾಚಿಕೊಂಡು ಬರುತ್ತಿದ್ದಳು.

"ನನ್ ಗಂಟು?" ಅಂದಳು. ಬೇರೆ ಯಾರಿಗೋ ಕೊಟ್ಟುಬಿಟ್ಟನೇ?

"ಊರೋರ ಬಟ್ಟೆ ನಿಲ್ಸಿವ್ನಿ," ಅವನು ತಲೆಯೆತ್ತಲಿಲ್ಲ. "ಲಾತೂರ್ ತಾವ ಭೂಮಿ ನಡುಗ್ತಲ್ಲ, ಪೇಪರ್ ನೋಡ್ಲಿಲ್ವಾ? ಉಟ್ಟ ಬಟ್ಟೇಲಿ ಉಳ್ಕಂಡವ್ರೆ ಜನ. ಇನ್ನತ್ತು ದಿನಕ್ಕೆ ಇಲ್ಲಿಂದ ಲಾರಿ ಓಯ್ತದೆ. ಅಕ್ಕಿ, ರಾಗಿ ಇರೋರು ಕೊಡ್ತಾವ್ರೆ. ನಮ್ತಾವ ಏನದೆ? ಕೈ, ಕತ್ರಿ. ನೂರು ಅಂಗಿ ಒಲ್ದು ಕಳಿಸ್ತೀನಿ, ಅರ್ಧಕ್ಕಿಂತ ಎಚ್ಚು ಆಗ್ಲೇ ಒಲ್ದಿವ್ನಿ."

"ಕಾಜ ಯಾರು ಮಾಡಾರು?"

"ನೀನೇಯ. ಆದ್ರೆ ಕೂಲಿ ಇಲ್ಲ ಕಣಮ್ಮಿ. ದಿನಾ ಬಂದೋಗಬೇಕಾಯ್ತದೆ."

"ಕೂಲಿ ಕೇಳ್ದೋರು ಯಾರು?" ಅಂದವಳು ಮೊದಲ ಗಂಟು ಎತ್ತಿಕೊಂಡು ಸರಕ್ಕನೆ ಹೊರಗೆ ಬಂದಳು. ದಿನಾ! ಅಲ್ಲೆಲ್ಲೋ ಮನೆಮಠ ಮಣ್ಣಾಗಿ ಜನ ಬಾಯಿ ಬಾಯಿ ಬಡಿದುಕೊಳ್ಳುತ್ತಿರುವಾಗ ತನಗೆ ಸಂತೋಷವಾಯಿತಲ್ಲ ಎಂದು ಬಸ್ಸಿನಲ್ಲಿ ಕೂತು ನಾಚಿಕೊಂಡಳು. ನಾಚಿಕೆಯಾದರೂ ಸಂತೋಷ ಹೋಗಲಿಲ್ಲ.

ಮನೆಯಲ್ಲಿ ಗಂಟು ಬಿಚ್ಚಿದಾಗ, ಅಂಗಿಗೆ ಸುತ್ತಿದ್ದ ಪೇಪರಿನಲ್ಲಿ ಒಂದು ಫೋಟೋ ಇತ್ತು. ಲಾತೂರಿನ ಆಸ್ಪತ್ರೆಯ ಜಗಲಿಯಲ್ಲಿ ಕೂತ ಒಬ್ಬ ಗಂಡಸು. ಬಲಗೈ ಹೆಗಲಿನವರೆಗೂ ಪ್ಲಾಸ್ಟರು. ಯಾರೋ ಕೊಟ್ಟ ಒಳ್ಳೆಯ ಅಂಗಿ ತೊಡೆಯ ಮೇಲಿದೆ, ಮೈ ಬರಿದು.

ಮೊದಲ ಅಂಗಿಗೆ ಕಾಜ, ಗುಂಡಿ ಮುಗಿಸಿ ಚಲುವಮ್ಮ ಕೈಲಿದ್ದ ಅಂಗಿಯನ್ನು ನೋಡಿದಳು, ಫೋಟೋ ನೋಡಿದಳು. ಬಾಗಿಲು ಹಾಕಿ ಬಂದು, ಹಲ್ಲಿನಲ್ಲಿ ಟವೆಲ್ ಕಚ್ಚಿ ಬಲಗೈಯನ್ನು ಎದೆಗೆ ಕಟ್ಟಿಕೊಂಡಳು. ಎಡಗೈಯೊಂದರಲ್ಲೇ ಅಂಗಿ ತೊಡಲು ಹೋದಳು. ತೋಳು ಏರಲಿಲ್ಲ. ಹೆಗಲ ಮೇಲೆ ಹೇಗೋ ಎಳೆದುಕೊಂಡು ಗುಂಡಿ ಹಾಕಲು ಹೋದರೆ, ತಾನೇ ಬಿಗಿಯಾಗಿ ಕಟ್ಟಿದ ಕಾಜ ಗುಂಡಿಯನ್ನು ಒಳಗೆ ಬಿಡಲೊಲ್ಲದು. ಗುಂಡಿ ಹಾಕಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರೇ ಗೋಡೆಯಡಿ ಹೋಗಿದ್ದರೆ?

ಜ್ವರ ಬಂದಾಗ ಜಾರಿದ ಕಂಬಳಿ ಎಳೆದು ಹೊದಿಸಲು ದಿಕ್ಕಿಲ್ಲದ ಹೆಂಗಸು ಅವಳು. ಇನ್ನೊಬ್ಬರಿಲ್ಲದ ಪಾಡನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಇನ್ನೊಂದು ಹೊಳೆಯಿತು: ಕಾಜ ಬೇಡ, ಲಾಡಿ ಸಾಕು ಎಂದು ತಾನೇ ಹೇಳಿದರೆ, ದಿನಾ ಹೋಗುವುದಿರಲಿ, ಅಲ್ಲಿಗೆ ಕಾಲಿಡಲು ನೆಪವೇ ಇರುವುದಿಲ್ಲ.

ಬೆಳಿಗ್ಗೆ ಹೋಗಿ ಹೇಳಿಯೇ ಹೇಳಿದಳು.

"ಅರವತ್ತು ಒಲ್ದು ಮುಗ್ಸಿವ್ನಲ್ಲಮ್ಮಿ," ಚಿಕ್ಕಸ್ವಾಮಿ ಗೊಣಗಿದ.

"ಕೈ ಕೊಡಿ ಇಲ್ಲಿ."

ಅವನು ಸುಮ್ಮನೆ ಕೈ ಕೊಟ್ಟ. ಅವಳು ಅದನ್ನು ಮಡಿಚಿ ಎದೆಗೆ ಟವೆಲಿನಲ್ಲಿ ಕಟ್ಟಿದಳು. ಅಷ್ಟು ಹತ್ತಿರ ಅವಳು ಎಂದೂ ನಿಂತವಳಲ್ಲ. ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಅವನು ಅಂಗಿ ತೊಡಲು ಎಡಗೈಯಲ್ಲಿ ಒದ್ದಾಡಿದ, ಬೆವೆತ, ಕೊನೆಗೆ ಅರ್ಧ ಅಂಗಿ ತೊಟ್ಟ ಮಗುವಿನ ಹಾಗೆ ನಿಂತು ಅವಳನ್ನು ನೋಡಿದ. ಈ ಸಲ ಅಂಚಿನ ಮರೆಯಿಲ್ಲದೆ ನೋಡಿದ.

"ಇನ್ನೊಬ್ರು ಬೇಕು ಕಣಮ್ಮಿ," ಅಂದ ಮೆಲ್ಲಗೆ.

ಟವೆಲಿನ ಗಂಟು ಬಿಚ್ಚಲು ಹೋದ ಚಲುವಮ್ಮನ ಬೆರಳು ಎರಡು ಸಲ ತಪ್ಪಿತು.

ಅಂದಿನಿಂದ ಅರವತ್ತೂ ಅಂಗಿಯ ತೋಳು ಬಿಚ್ಚಿ, ಮಗ್ಗುಲು ಸೀಳಿ, ಒಂದೇ ಕೈಯಲ್ಲಿ ಎಳೆದರೆ ಬಿಗಿಯುವ ಲಾಡಿ ಹಚ್ಚಿದರು. ಅವಳು ಮೊದಲ ಬಾರಿಗೆ ಅಂಗಡಿಯೊಳಗೆ ಚಾಪೆ ಹಾಸಿ ಕೂತಳು. ಹೊರಗೆ ಹೂ ಮಾರುವ ಮಾಯಮ್ಮ ಇಣುಕಿ, "ಟೈಲರಣ್ಣ, ಮಿಷನ್ನು ಮಾತಾಡ್ತದೆ, ನೀವಿಬ್ರೂ ಬಾಯಿ ಬುಡಾಕಿಲ್ವಲ್ಲ!" ಎಂದು ಕಿಚಾಯಿಸಿದಳು. ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದರು.

ಲಾರಿ ಹೊರಡುವ ಹಿಂದಿನ ದಿನ ಅವನು ಮಿಷನ್ನಿಗೆ ಎಣ್ಣೆ ಬಿಟ್ಟು ಗೋಣಿಯಲ್ಲಿ ಸುತ್ತತೊಡಗಿದ.

"ಇದ್ಯಾಕೆ?"

"ನೀನೇಳಿದ್ದು ಸರಿ. ಒಬ್ಬೊಬ್ರ ಪ್ಲಾಸ್ಟರು ಒಂದೊಂದು ತರ. ಇಲ್ಲಿ ಕುಂತು ಒಲುದ್ರೆ ಅಳತೆ ಸಿಕ್ಕಾಕಿಲ್ಲ. ನಾನೂ ಓಯ್ತಾ ಇವ್ನಿ. ಮೂರು ತಿಂಗಳಾಗಬೋದು, ಯಾರು ಕಂಡವ್ರೆ."

ತಾನು ಆಡಿದ ಮಾತೇ ಅವನನ್ನು ಲಾರಿ ಹತ್ತಿಸಿತು. ಚಲುವಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. "ಬಂದ್ಮೇಲೆ ಏಳಿಕಳಿಸಿ. ಕಾಜಕ್ಕೆ ಬತ್ತೀನಿ," ಅಂದಳು.

"ಬಂದ್ಮೇಲೆ ಕಾಜದ ಕೆಲ್ಸ ಇಲ್ಲ."

ಅವಳು ಸೂಜಿ ಕೆಳಗಿಟ್ಟಳು.

"ಊರ ಟೈಲರ್‌ಗಳೆಲ್ಲ ಮಿಷನ್ ಕಾಜಕ್ಕೆ ಮೈಸೂರ್‌ಗೆ ಕಳಿಸ್ತಾವ್ರೆ, ನಾಲ್ಕು ವರ್ಸ ಆಯ್ತು," ಅವನು ಗೋಣಿಯ ಹಗ್ಗವನ್ನು ಸುಮ್ಮಸುಮ್ಮನೆ ಬಿಗಿಯುತ್ತಿದ್ದ. "ನಾನೊಬ್ಬ ಕಳಿಸ್ಲಿಲ್ಲ. ಕಳಿಸುದ್ರೆ ನೀನು ಬರೋದು ನಿಂತೋಯ್ತದಲ್ಲ. ಪಾಂಡವಪುರವೆಲ್ಲ ನನ್ನ ಅಣ್ಣ ಅಂತದೆ. ನಿನ್ನ ಬಾಯಲ್ಲಿ ಮಾತ್ರ ಆ ಮಾತು ಬರ್ಲಿಲ್ಲ. ಇವತ್ತು ಅಂದ್ಬುಡ್ತಾಳಾ, ನಾಳೆ ಅಂದ್ಬುಡ್ತಾಳಾ ಅಂತ ಎದ್ರಿಕಂಡೇ ಕುಂತಿದ್ದೆ ಕಣಮ್ಮಿ."

ನಿಜ. ಆರು ವರ್ಷ ಅವಳು 'ಇಲ್ನೋಡಿ', 'ಇವ್ರೇ' ಎಂದೇ ಕರೆದು ದಾಟಿಸಿದ್ದಳು. ಇವ್ರೇ ಎಂದು ಹೆಂಗಸರು ಯಾರನ್ನು ಕರೆಯುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಅನ್ನಾಕೆ ನಾಲ್ಗೆ ತಿರುಗ್ಲಿಲ್ಲ," ಅಂದಳು. ಕಣ್ಣೀರು ತಡೆಯಲಾಗಲಿಲ್ಲ.

"ಅದ್ಕೇ ಏಳ್ತಿರೋದು. ಇನ್ಮೇಲೆ ಕಾಜಕ್ಕೆ ಅಂತ ಬರಬ್ಯಾಡ. ಗಂಟು ಒತ್ಕಂಡೂ ಬರಬ್ಯಾಡ. ಸುಮ್ನೆ ಬಾ."

ಮರುದಿನ ಲಾರಿ ಹೊರಟಿತು. ಕೈಬೀಸುವ ಜನರ ನಡುವೆ ಕೈಬೀಸುವ ಹಕ್ಕು ಇನ್ನೂ ಹುಟ್ಟದವಳಾಗಿ ಚಲುವಮ್ಮ ಕೊನೆಯಲ್ಲಿ ನಿಂತಿದ್ದಳು. ಗೋಣಿ ಸುತ್ತಿದ ಮಿಷನ್ನಿನ ಪಕ್ಕ ಕೂತ ಮನುಷ್ಯ ರಸ್ತೆ ತಿರುಗುವವರೆಗೂ ಅವಳನ್ನೇ ನೋಡಿದ.

ಶುಕ್ರವಾರ ಬಂತು. ಮಾಡಲು ಕೆಲಸವಿಲ್ಲ, ಮನೆ ಗಂವ್ವೆನ್ನುತ್ತಿತ್ತು. ಅವಳು ತಲೆ ಬಾಚಿಕೊಂಡು, ಬರಿಗೈಯಲ್ಲಿ ಹತ್ತು ಗಂಟೆ ಬಸ್ಸು ಹತ್ತಿದಳು. ಬೀಗ ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತಳು.

ಮಾಯಮ್ಮ ಹೂ ಕಟ್ಟುವುದು ನಿಲ್ಲಿಸಿ ಕೇಳಿದಳು: "ಏನಮ್ಮಿ, ಟೈಲರಣ್ಣ ಇಲ್ವಲ್ಲ. ಏನ್ ಕೆಲ್ಸ ಇತ್ತು?"

"ಏನಿಲ್ಲ ಕಣವ್ವ," ಅಂದಳು ಚಲುವಮ್ಮ. "ಸುಮ್ನೆ ಬಂದೆ."