ಎಬ್ಬಿಸದ ಪಾಳಿ

"ನನ್ನ ಪಾಳಿಗೆ ನನ್ನನ್ನ ಯಾಕೆ ಎಬ್ಬಿಸಲಿಲ್ಲ? ಅದಕ್ಕೆ ಮಾತ್ರ ಉತ್ತರ ಕೊಡು. ಸುತ್ತಿ ಬಳಸಿ ಮಾತಾಡಬೇಡ."

ಬಂದರಿನ ಕೊಠಡಿಯಲ್ಲಿ ನೆಲದ ತುಂಬ ಹರಿದ ಹಾಯಿ ಹರಡಿತ್ತು. ಆ ಬದಿಗೆ ಅವನು, ಈ ಬದಿಗೆ ದಬ್ಬಣ ಹಿಡಿದ ಅವಳು. ಅವನು ಹಾಯಿದೋಣಿಯ ಕ್ಯಾಪ್ಟನ್. ಅವಳು ಹಾಯಿ ಹೊಲಿಯುವವಳು, ತನ್ನ ಪಾಳಿ ಬಂದಾಗ ಚುಕ್ಕಾಣಿ ಹಿಡಿಯುವವಳು. ಸಾಗರ ದಾಟುವ ರೇಸ್ ಅರ್ಧ ಮುಗಿದಿತ್ತು, ದುರಸ್ತಿಗೆಂದು ದೋಣಿ ಈ ಬಂದರಿಗೆ ಬಂದಿತ್ತು. ಪೂರ್ತಿ ಮುಗಿದ ಮೇಲೆ ಇಬ್ಬರ ಮದುವೆ ಅಂತ ಮನೆಯವರು ಒಪ್ಪಿಯೂ ಆಗಿತ್ತು.

"ಬಿರುಗಾಳಿ ಇತ್ತು. ನೀನು ಒಳ್ಳೆ ನಿದ್ದೆಯಲ್ಲಿದ್ದೆ."

"ಬಿರುಗಾಳಿ ಅಂತಲೇ ಎಬ್ಬಿಸಬೇಕಿತ್ತು. ತಂಗಾಳಿ ಸವಿಯೋಕೆ ಬಂದಿದ್ನಾ ನಾನು?"

ದೋಣಿಯಲ್ಲಿ ಅವರ ಪ್ರೀತಿಯೆಲ್ಲ ನಡೆದದ್ದು ಪಾಳಿ ಬದಲಾಗುವ ಗಳಿಗೆಯಲ್ಲೇ. ಇಬ್ಬರಿಗೂ ಸೇರಿ ಒಂದೇ ಹಾಸಿಗೆ. ಒಬ್ಬರು ಎದ್ದರೆ ಇನ್ನೊಬ್ಬರು ಮಲಗಬೇಕು. ಅವನು ಬಂದು ಅವಳ ಕಾಲಿನ ಹೆಬ್ಬೆರಳು ಹಿಡಿದು ಎಳೆಯುತ್ತಿದ್ದ. ಅವಳು ಬೈಯುತ್ತ ಏಳುತ್ತಿದ್ದಳು. ಒದ್ದೆ ಕೋಟು ಬಿಚ್ಚುತ್ತ ಅವನು ಕಣ್ಣು ಹೊಡೆದರೆ ಅವಳ ನಿದ್ದೆ ಹಾರಿಹೋಗುತ್ತಿತ್ತು.

ಬಿರುಗಾಳಿ ಬಂದ ಆ ಸಲ ಅವನು ಬೆರಳು ಮುಟ್ಟಲಿಲ್ಲ. ಕೊರೆಯುವ ನೀರು ದೋಣಿಯ ಮೇಲೇ ಹಾಯುತ್ತಿದ್ದಾಗ ಅವಳ ಪಾಳಿಯನ್ನೂ ತಾನೇ ಮಾಡಿದ. ಚುಕ್ಕಾಣಿ ಹಿಡಿದೇ ತೂಕಡಿಸಿದ. ದೋಣಿ ಗಕ್ಕನೆ ತಿರುಗಿತು, ಹಾಯಿ ಹರಿಯಿತು, ಹಾಯಿ ಕಟ್ಟಿದ ಅಡ್ಡಮರ ಬೀಸಿ ಬಂದು, ಹಗ್ಗ ಹಿಡಿಯಲು ಅವನು ಮೇಲೆ ಕರೆದಿದ್ದ ದೋಣಿಯ ಅಡುಗೆಯಣ್ಣನ ಭುಜ ಮುರಿಯಿತು.

ಆಸ್ಪತ್ರೆಯಲ್ಲಿ ಅಡುಗೆಯಣ್ಣ ಯಾರನ್ನೂ ದೂರಲಿಲ್ಲ. ಇನ್ನು ಉಪ್ಪು ಹಾಕೋದು ಎಡಗೈಯಲ್ಲಿ, ರುಚಿ ಕೆಟ್ಟರೆ ಕ್ಯಾಪ್ಟನ್ನನ್ನೇ ಬೈಯಿರಿ ಅಂತ ನಗಿಸಿದ್ದ. ಅದರಿಂದ ಅವಳ ಸಿಟ್ಟು ನೆತ್ತಿಗೇರಿತ್ತು. ದೋಣಿಯ ಉಳಿದವರೋ, ಆಗಲೇ ಅವಳನ್ನು ಗಾಜಿನ ಸಾಮಾನಿನ ಹಾಗೆ ನೋಡತೊಡಗಿದ್ದರು.

"ಆ ಅಲೆ ನೋಡಿದ ಮೇಲೆ ನಿನ್ನನ್ನ ಕರೆಯೋಕೆ ಮನಸ್ಸು ಬರಲಿಲ್ಲ ಕಣೇ," ಎಂದ. "ನೀನಂದ್ರೆ ನನಗೆ ಜೀವ."

"ಅದೇ ಅಲೆಗೆ ಅಡುಗೆಯಣ್ಣನ್ನ ಕರೆಯೋಕೆ ಬಂತಲ್ಲ ಮನಸ್ಸು. ಅವರಿಗೂ ಮನೆಯಲ್ಲಿ ಹೆಂಡತಿ ಕಾಯ್ತಿದ್ದಾರೆ."

ಅವನು ತಲೆ ತಗ್ಗಿಸಿದ. ಉಪ್ಪುನೀರಿಗೆ ಅವನ ರೆಪ್ಪೆ ಊದಿಕೊಂಡಿತ್ತು. ಅದನ್ನು ನೋಡಿ ಮನಸ್ಸು ಕರಗಿದ್ದಕ್ಕೆ ಅವಳಿಗೆ ತನ್ನ ಮೇಲೇ ರೇಗಿತು.

"ಒಂದೇ ಮಾತು ಹೇಳು. ಮುಂದೆ ಇಂಥದ್ದೇ ಗಾಳಿ ಬಂದರೆ ಎಬ್ಬಿಸ್ತೀಯಾ?"

ಹೂಂ ಅಂದುಬಿಟ್ಟಿದ್ದರೆ ಅವಳು ಉಳಿಯುತ್ತಿದ್ದಳು. ಆದರೆ ಅವನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಅವಳು ಅವನಿಗೆ ಮನಸೋತದ್ದೂ ಅದಕ್ಕೇ.

"ಇಲ್ಲ. ನನ್ನಿಂದ ಆಗಲ್ಲ."

ಅವಳು ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. "ಹಾಗಾದರೆ ನಾನು ಬೇರೆ ದೋಣಿ ನೋಡ್ಕೋತೀನಿ. ಅಲ್ಲಿ ಯಾರೂ ನನ್ನನ್ನ ಪ್ರೀತಿಸೋದು ಬೇಡ, ಎಬ್ಬಿಸಿದರೆ ಸಾಕು."

ಹಾಯಿಯ ಸುತ್ತ ನಡೆದು ಬಂದು ಅವನ ಕೋಟಿನ ಮೇಲಿನ ಗುಂಡಿ ಹಾಕಿದಳು. ಅವನು ಕೈ ಹಿಡಿಯುವ ಮೊದಲೇ ಹೊರಗೆ ನಡೆದಳು.

ದೋಣಿ ಕಟ್ಟುವ ಧಕ್ಕೆಯ ಮೇಲೆ ಗಾಳಿ ಜೋರಾಗಿತ್ತು. ಅವನು ಕೂಗಿದರೆ ಎಲ್ಲಿ ತಿರುಗಿಬಿಡುತ್ತೇನೋ ಅಂತ ಹೆಜ್ಜೆ ಬೀಸಿ ಹಾಕಿದಳು. ಅವನು ಕೂಗಿದ. ಅವಳು ಇನ್ನೂ ಬೀಸಿ ಹಾಕಿದಳು.

ಆ ಕೊಠಡಿಗಾಗಲಿ, ಅವನ ದೋಣಿಗಾಗಲಿ ಅವಳು ಮತ್ತೆ ಬರಲಿಲ್ಲ.