ಬಿಲ್ಲಿನ ಬೆನ್ನು

"ಫಟ್!"

ಅವಳು ಇಪ್ಪತ್ತೆರಡು ದಿನ ಕೂತು ಕೆತ್ತಿದ ಬಿಲ್ಲು ಅವನ ಮಂಡಿಯ ಮೇಲೆ ಎರಡು ತುಂಡಾಯಿತು.

ಅವಳಿಗೆ ಮೈಯೆಲ್ಲಾ ಉರಿದುಹೋಯಿತು. "ರೀ! ತಲೆ ಕೆಟ್ಟಿದೆಯಾ ನಿಮಗೆ?!"

"ಇದು ಬಿಲ್ಲಲ್ಲ. ಹೊಸದು ಮಾಡು," ಎಂದವನೇ ಬೆನ್ನು ತಿರುಗಿಸಿ ಉಳಿ ಮಸೆಯಲು ಕೂತುಬಿಟ್ಟ.

ಅಷ್ಟೇ! ಒಂದು ವಿವರಣೆಯಿಲ್ಲ, ಕ್ಷಮೆಯಿಲ್ಲ!

ಆ ಬಿಲ್ಲಿನ ಕಾರ್ಖಾನೆ ಅವನ ಅಜ್ಜಿಯದು. ತಿಂಗಳೊಳಗೆ ಒಂದು ಬಿಲ್ಲು ಮಾಡಿ, ಕಿವಿಯವರೆಗೆ ಎಳೆದು ತೋರಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಮನೆಗೆ ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದಳು. ಕಲಿಸುವ ಹೊಣೆ ಮೊಮ್ಮಗನದು. ಆತನೋ, ಮಾತಾಡಿದರೆ ಮುತ್ತು ಉದುರೀತು ಎನ್ನುವ ಜಾತಿ! ಆದರೂ ಅವಳ ಕೈ ಮೇಲೆ ಕೈಯಿಟ್ಟು ಉಳಿ ಹಿಡಿಯುವುದನ್ನು ತೋರಿಸಿದ ದಿನ ಅವಳೆದೆ ಡವಡವ ಎಂದಿದ್ದು ಸುಳ್ಳಲ್ಲ. ಅದು ನೆನಪಾಗಿ ಈಗ ಇನ್ನಷ್ಟು ಸಿಟ್ಟು ಬಂತು.

'ನಾನಿಲ್ಲಿ ಉಳಿಯೋದು ಇವನಿಗೆ ಬೇಕಿಲ್ಲ... ಅದಕ್ಕೇ ಮುರಿದ!'

ಏಪ್ರನ್ ಬಿಚ್ಚಿ ಎಸೆದಳು. "ಹೋಗ್ತೀನಿ ನಾನು. ನಿಮ್ಮ ಕಟ್ಟಿಗೆ ನಿಮಗೇ ಇರಲಿ!"

ಬಾಗಿಲಲ್ಲಿ ಅಜ್ಜಿ ಅಡ್ಡ ನಿಂತಳು. ಮುರಿದ ತುಂಡನ್ನೆತ್ತಿ ಉಗುರಿನಿಂದ ಮೇಣ ಕೆರೆದಳು.

"ಸಿಡುಕಿ, ಬಿಲ್ಲಿನ ಬೆನ್ನನ್ನ, ಈ ಹೊರಮೈನ, ಯಾಕೆ ಉಜ್ಜಿದೆ?"

"ನುಣ್ಣಗೆ... ಚೆನ್ನಾಗಿ ಕಾಣಲಿ ಅಂತ."

"ಬೆನ್ನಲ್ಲಿ ತುದಿಯಿಂದ ತುದಿಗೆ ಮರ ಒಂದು ವರ್ಷದಲ್ಲಿ ಬೆಳೆದ ಒಂದೇ ಪದರ ಇರಬೇಕು. ನೀನು ಚೆಂದ ಮಾಡೋಕೆ ಹೋಗಿ ಅದನ್ನೇ ಕಡಿದಿದ್ದೀಯ. ಮೇಲೆ ಮೇಣ ಬಳಿದು ಮುಚ್ಚಿದ್ದೀಯ ಬೇರೆ! ಪೂರ್ತಿ ಎಳೆದಿದ್ರೆ ನಿನ್ನ ಮುಖದ ಹತ್ರಾನೇ ಸಿಡೀತಿತ್ತು. ಇವನ ಹುಬ್ಬಿನ ಗಾಯ ನೋಡಿಲ್ವಾ? ಅದೂ ಇಂಥದ್ದೇ ಬಿಲ್ಲಿನದು."

ಅವಳ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು ಅಷ್ಟೇ. ಅವನತ್ತ ತಿರುಗಿದಳು.

"ಅದನ್ನ ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ, 'ಒಂದ್ಸಲ ಎಳೆದು ನೋಡ್ತೀನಿ' ಅಂತಿದ್ದೆ," ಎಂದ ತಲೆಯೆತ್ತದೆ.

ಹೌದು, ಅನ್ನುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು.

ಉಳಿದದ್ದು ಎಂಟೇ ದಿನ. ಒಣಗಿದ ಮರವೊಂದನ್ನು ಆರಿಸಿ, ಹಲ್ಲುಕಚ್ಚಿ ಕೂತಳು. ಗಂಟಿದ್ದ ಕಡೆ ಪದರ ಉಬ್ಬಿದರೆ ಉಬ್ಬಿದಂತೆಯೇ ಬಿಟ್ಟಳು. ದಿನಕ್ಕೆರಡು ಬಾರಿ ಅವನೊಡನೆ ಜಗಳವಾಡಿದಳು. ಬಿಲ್ಲು ನೋಡಲು ಒರಟೊರಟಾಗಿ, ಡೊಂಕುಡೊಂಕಾಗಿ ತಯಾರಾಯಿತು.

ಕೊನೆಯ ದಿನ ಅಜ್ಜಿ ಸ್ಟೂಲ್ ಎಳೆದುಕೊಂಡು ಕೂತಳು. ಅವನು ಕೈಚಾಚಿದ.

"ಕೊಡು. ಮೊದಲು ನಾನು ಎಳೀತೀನಿ."

"ಯಾಕೆ? ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

"ಕೆಲಸದ ಮೇಲಿದೆ. ಮರದ ಮೇಲಿಲ್ಲ. ನಿಂಗೇನಾದ್ರೂ ಆದ್ರೆ ನಾನು..."

"ನೀವು? ಒಂದು ಮಾತಾದ್ರೂ ಪೂರ್ತಿ ಮಾಡಿ ರೀ!"

"ನೀನಂದ್ರೆ ನಂಗೆ ಪ್ರಾಣ ಕಣೇ!" ಎಂದು ಕಿರುಚಿದ.

ಅವನು ಧ್ವನಿ ಏರಿಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅಜ್ಜಿ ಕಿಟಕಿಯಾಚೆ ಏನನ್ನೋ ನೋಡತೊಡಗಿದಳು.

'ಅಯ್ಯೋ... ಇದನ್ನೂ ಸಿಟ್ಟಲ್ಲೇ ಹೇಳಬೇಕಿತ್ತಾ!'

"ಹಾಗಾದ್ರೆ ಪಕ್ಕದಲ್ಲಿ ನಿಂತು ನೋಡಿ," ಎಂದು ಅವಳೇ ಬಿಲ್ಲೆತ್ತಿದಳು. ಎಳೆದಳು... ಎದೆಯವರೆಗೆ... ಗಲ್ಲದವರೆಗೆ... ಕಿವಿಯವರೆಗೆ! ಮರ ಸಣ್ಣಗೆ ನರಳಿತು, ಮುರಿಯಲಿಲ್ಲ.

"ಖಾಯಂ," ಎಂದು ಅಜ್ಜಿ ಎದ್ದು ಒಳಗೆ ಹೋದಳು.

ಅವಳು ಬಿಲ್ಲು ಕೆಳಗಿಳಿಸಿದಳು. ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಇನ್ನೂ ಸಿಟ್ಟಿದೆಯಾ?"

"ಇದೆ! ನನ್ನ ಮೊದಲ ಬಿಲ್ಲು ಮುರಿದಿದ್ದೀರ."

"ಎಷ್ಟು ದಿನ ಇರುತ್ತೆ?"

"ಜೀವನಪೂರ್ತಿ. ಪಕ್ಕದಲ್ಲೇ ಇದ್ದು ಬೈಸ್ಕೊಳ್ಳಿ."